ಲಿಂಕನ್ ಬಯಲಿನ ಕಾರಿನಾಟ

ಅಮೆರಿಕಕ್ಕೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ನಯಾಗರ ಜಲಪಾತ, ಸ್ವಾತಂತ್ರ್ಯ ದೇವಿಯ ಪ್ರತಿಮೆ, ಡಿಸ್ನಿಲ್ಯಾಂಡು ಎಂದಾರೇ ಹೊರತು ನೆಬ್ರಾಸ್ಕ ಎಂದು ಯಾರೂ ಹೇಳುವುದಿಲ್ಲ. ಹೇಳುವುದಕ್ಕೆ ಕಾರಣವೂ ಕಡಿಮೆಯೇ. ಆ ದೇಶದ ನಟ್ಟನಡುವೆ ಇರುವ ಈ ರಾಜ್ಯಕ್ಕೆ ಸಮುದ್ರವಿಲ್ಲ, ಹೆಸರಾದ ಬೆಟ್ಟವಿಲ್ಲ. ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ, ಸೋಯಾ ಅವರೆ, ದನಗಳ ಹಿಂಡು. ಮಗ ಸೊಸೆ ಅಲ್ಲಿನ ಒಮಾಹ ನಗರದಲ್ಲಿರುವುದರಿಂದ ಹೋದ ವರ್ಷ ನಾವಿಬ್ಬರೂ ಐದು ತಿಂಗಳು ಅಲ್ಲಿದ್ದು ಬಂದೆವು. ಇಲ್ಲದಿದ್ದರೆ ತಿಪಟೂರಿನವಳಾದ ನನಗೆ ಆ ಹೆಸರೇ ತಿಳಿಯುತ್ತಿರಲಿಲ್ಲವೇನೋ!

ಒಮಾಹದಿಂದ ನೈರುತ್ಯಕ್ಕೆ ಸುಮಾರು 90 ಕಿಲೋಮೀಟರು ಹೋದರೆ ರಾಜಧಾನಿ ಲಿಂಕನ್ ಸಿಗುತ್ತದೆ. ಊರು ಇನ್ನೂ ದೂರ ಇರುವಾಗಲೇ ಶಾಸನಸಭೆಯ ಗೋಪುರ ಕಾಣಿಸುತ್ತದೆ. 1922ರಿಂದ 1932ರವರೆಗೆ ಹತ್ತು ವರ್ಷ ಕಟ್ಟಿದ ಕಟ್ಟಡ. ಎತ್ತರ 400 ಅಡಿ. ಅದರ ತುತ್ತ ತುದಿಯಲ್ಲಿ ನಿಂತಿರುವುದು ರಾಜನೂ ಅಲ್ಲ, ಸೇನಾಪತಿಯೂ ಅಲ್ಲ. ಬರಿಗಾಲಿನಲ್ಲಿ ನಿಂತು ಬೀಜ ಬಿತ್ತುತ್ತಿರುವ ರೈತ! ಹತ್ತೊಂಬತ್ತೂವರೆ ಅಡಿಯ ಆ ಕಂಚಿನ ಮೂರ್ತಿಯನ್ನು ನೋಡಿ ನಮ್ಮ ಮನೆಯವರಿಗೆ ಬಹಳ ಸಂತೋಷವಾಯಿತು.

ಆದರೆ ನಾನು ಈಗ ಹೇಳಹೊರಟಿರುವುದು ಗೋಪುರದ ವಿಷಯವಲ್ಲ. ಊರಿನ ವಾಯವ್ಯಕ್ಕೆ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಒಂದು ಕಾಂಕ್ರೀಟಿನ ಬಯಲಿದೆ, ಅದರ ವಿಷಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿ ಸೈನ್ಯದ ವಿಮಾನ ನೆಲೆ ಆರಂಭವಾಯಿತು. 1954ರಿಂದ ಅದು ವಾಯುಪಡೆಯ ನೆಲೆ. ದೊಡ್ಡ ಬಾಂಬರ್ ವಿಮಾನಗಳು ಸಾಲಾಗಿ ನಿಲ್ಲುತ್ತಿದ್ದ ಜಾಗ. 1966ರಲ್ಲಿ ನೆಲೆ ಮುಚ್ಚಿತು, ವಿಮಾನಗಳು ಹೋದವು, ನೆಲ ಮಾತ್ರ ಉಳಿಯಿತು. ಮರವಿಲ್ಲ, ಗಿಡವಿಲ್ಲ, ಗೋಡೆಯಿಲ್ಲ. ಚಪ್ಪಡಿ ಚಪ್ಪಡಿಯಾಗಿ ಹಾಸಿದ ಕಾಂಕ್ರೀಟು, ಸಂದುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹುಲ್ಲು, ಮೇಲೆ ಆಕಾಶ, ಸದಾ ಬೀಸುವ ಗಾಳಿ. ಯುದ್ಧಕ್ಕೆಂದು ಹಾಸಿದ ಈ ನೆಲದ ಮೇಲೆ ಈಗ ಸಂಸಾರವಂದಿಗರು ಕಾರು ಓಡಿಸಿ ಆಟವಾಡುತ್ತಾರೆ. ಆ ಆಟಕ್ಕೆ ಆಟೋಕ್ರಾಸ್ ಎಂದು ಹೆಸರು.

ಇದೇನು ಆಟ?

ಕಾರ್ ರೇಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಒಂದರ ಹಿಂದೊಂದು ನುಗ್ಗಿ ಡಿಕ್ಕಿ ಹೊಡೆಯುವ ಕಾರುಗಳು. ಇದು ಹಾಗಲ್ಲ. ರಸ್ತೆ ರಿಪೇರಿ ಮಾಡುವಾಗ ಇಡುತ್ತಾರಲ್ಲ, ಮೊಣಕಾಲೆತ್ತರದ ಕೇಸರಿ ಬಣ್ಣದ ಕೋನುಗಳು, ಅವನ್ನು ಬಯಲಿನಲ್ಲಿ ಇಟ್ಟು ಒಂದು ಸುತ್ತುಬಳಸು ದಾರಿ ಮಾಡುತ್ತಾರೆ. ಆ ದಾರಿಯಲ್ಲಿ ಒಬ್ಬೊಬ್ಬರಾಗಿ ಕಾರು ಓಡಿಸಬೇಕು. ಪಕ್ಕದಲ್ಲಿ ಪೈಪೋಟಿಗೆ ಇನ್ನೊಂದು ಕಾರು ಇರುವುದಿಲ್ಲ. ಪೈಪೋಟಿಯೆಲ್ಲ ಗಡಿಯಾರದ ಜೊತೆ. ಹೊರಡುವಲ್ಲಿ, ಮುಗಿಯುವಲ್ಲಿ ಬೆಳಕಿನ ಕಿರಣ ಇಟ್ಟು ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೆ ಲೆಕ್ಕ ಹಿಡಿಯುತ್ತಾರೆ. ಒಂದು ಓಟ ಹೆಚ್ಚೆಂದರೆ ಒಂದು ನಿಮಿಷ ಅಥವಾ ಸ್ವಲ್ಪ ಆಚೀಚೆ.

ಕೋನಿಗೆ ತಗುಲಿ ಅದು ಬಿದ್ದರೆ ನಿಮ್ಮ ಲೆಕ್ಕಕ್ಕೆ ಎರಡು ಸೆಕೆಂಡು ದಂಡ. ಪ್ರತಿ ಕೋನಿನ ಬುಡದ ಸುತ್ತ ಸೀಮೆಸುಣ್ಣದಲ್ಲಿ ಚೌಕ ಬರೆದಿರುತ್ತಾರೆ. ಕೋನು ಬೀಳದೆ ಸರಿದು, ಒಂದಿಷ್ಟಾದರೂ ಚೌಕದೊಳಗಿದ್ದರೆ ದಂಡವಿಲ್ಲ. ಪೂರ್ತಿ ಹೊರಗೆ ಹೋದರೆ ಉಂಟು. ದಾರಿಯೇ ತಪ್ಪಿ ಒಂದು ಬಾಗಿಲನ್ನು ಬಿಟ್ಟು ಹೋದಿರೋ, ಆ ಓಟ ಲೆಕ್ಕಕ್ಕೇ ಇಲ್ಲ. ದಿನಕ್ಕೆ ಹಲವು ಓಟ ಸಿಗುವುದರಿಂದ ಮತ್ತೆ ಪ್ರಯತ್ನಿಸಬಹುದು.

ಇದಕ್ಕೆ ಬೇರೆ ಕಾರು ಬೇಕಾಗಿಲ್ಲ. ವಾರವೆಲ್ಲ ಕಚೇರಿಗೆ, ತರಕಾರಿಗೆ ಓಡಾಡುವ ಕಾರೇ ಸಾಕು. ಹಳೆಯ ಕಾರು, ಹೊಸ ಕಾರು, ಸಣ್ಣದು, ದೊಡ್ಡದು ಎಲ್ಲಕ್ಕೂ ಬೇರೆ ಬೇರೆ ವರ್ಗ. ಎಲ್ಲರನ್ನೂ ಒಟ್ಟಿಗೆ ತೂಗಬೇಕಾದರೆ ಪ್ರತಿ ವರ್ಗಕ್ಕೂ ಒಂದು ಗುಣಕವಿದೆ. ಓಡಿದ ಕಾಲವನ್ನು ಅದರಿಂದ ಗುಣಿಸುತ್ತಾರೆ. ಹೀಗಾಗಿ ಹತ್ತು ವರ್ಷದ ಪುಟ್ಟ ಕಾರಿನವಳು ಲಕ್ಷಾಂತರ ಡಾಲರಿನ ಕಾರಿನವನನ್ನು ಸೋಲಿಸುವುದೂ ಉಂಟು.

ಅಮೆರಿಕದಲ್ಲಿ ಇದನ್ನು ನಡೆಸುವ ಸಂಘಗಳಲ್ಲಿ ದೊಡ್ಡದು 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ಅವರು ಇದನ್ನು ಸೋಲೋ ಎಂದು ಕರೆಯುತ್ತಾರೆ. 1973ರಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಪಕ್ಕದ ಕಾನ್ಸಾಸ್ ರಾಜ್ಯದ ಟೊಪೀಕದಲ್ಲಿ ನಡೆಯುತ್ತಿದ್ದ ಈ ಜಾತ್ರೆ 2009ರಲ್ಲಿ ಲಿಂಕನ್ನಿಗೆ ಬಂತು. ಸೆಪ್ಟೆಂಬರಿನಲ್ಲಿ ದೇಶದ ಮೂಲೆಮೂಲೆಯಿಂದ ಸಾವಿರಕ್ಕೂ ಮೀರಿ ಸ್ಪರ್ಧಿಗಳು ಸೇರಿದ್ದುಂಟು. ಆಗ ಬಯಲಿನಲ್ಲಿ ಪೂರ್ವ, ಪಶ್ಚಿಮ ಎಂದು ಎರಡು ದಾರಿ. ಒಂದು ದಿನ ಒಂದರಲ್ಲಿ ಮೂರು ಓಟ, ಮರುದಿನ ಇನ್ನೊಂದರಲ್ಲಿ ಮೂರು. ಎರಡರ ಅತ್ಯುತ್ತಮ ಓಟಗಳನ್ನು ಕೂಡಿಸಿ ಗೆದ್ದವರನ್ನು ಆರಿಸುತ್ತಾರೆ. ನಾವು ನೋಡಿದ್ದು ಅಷ್ಟು ದೊಡ್ಡದನ್ನಲ್ಲ. ಜೂನ್ ತಿಂಗಳ ಒಂದು ಭಾನುವಾರ ಅಲ್ಲಿನವರು ತಾವು ತಾವೇ ಸೇರಿ ನಡೆಸಿದ ಸಣ್ಣ ಕೂಟವನ್ನು.

ಸೊಸೆಗೆ ಈ ಹುಚ್ಚು ಹಿಡಿದದ್ದು

ನಮ್ಮ ಸೊಸೆ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದ ದಿನ ಅವಳ ಕಾರು ಬುಗುರಿಯಂತೆ ಒಂದು ಸುತ್ತು ತಿರುಗಿ ರಸ್ತೆಯಂಚಿನ ಹಿಮದ ರಾಶಿಗೆ ಹೋಗಿ ನಿಂತಿತಂತೆ. ಪೆಟ್ಟೇನೂ ಆಗಲಿಲ್ಲ. ಆದರೆ ಆ ದಿನದಿಂದ ನಾಲ್ಕು ತಿಂಗಳು ಸ್ಟೀರಿಂಗ್ ಮುಟ್ಟಲಿಲ್ಲ. ನಮ್ಮೂರಿನಂತೆ ಕೈ ಅಡ್ಡ ಹಿಡಿದರೆ ನಿಲ್ಲುವ ಆಟೋ ಅಲ್ಲಿಲ್ಲ. ಕೆಲಸಕ್ಕೆ, ಅಂಗಡಿಗೆ, ಕೊನೆಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಗಂಡನ ಬಿಡುವು ನೋಡಬೇಕು.

"ಮನೆಯೊಳಗೆ ಕೂಡಿ ಹಾಕಿದ ಹಾಗಾಗಿತ್ತು ಅತ್ತೆ. ಯಾರೂ ಕೂಡಿ ಹಾಕಿರಲಿಲ್ಲ, ನನ್ನ ಭಯವೇ ಹಾಕಿತ್ತು" ಎಂದಳು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬಾಕೆ ಇವಳನ್ನು ಈ ಬಯಲಿಗೆ ಕರೆತಂದಳಂತೆ. ಕಾರು ಜಾರಿದರೂ ತಗುಲುವುದಕ್ಕೆ ಏನೂ ಇಲ್ಲದ ಜಾಗದಲ್ಲಿ, ಪಕ್ಕದಲ್ಲಿ ಕಲಿಸುವವರನ್ನು ಕೂರಿಸಿಕೊಂಡು, ಜಾರಿದಾಗ ಏನು ಮಾಡಬೇಕೆಂದು ಕಲಿತಳು. ಮುಂದಿನ ಚಳಿಗಾಲದಲ್ಲಿ ತಾನೇ ಕೆಲಸಕ್ಕೆ ಹೋಗಿ ಬಂದಳು. ಈಗ ಓಡಿಸುವುದಷ್ಟೇ ಅಲ್ಲ, ದಾರಿಯನ್ನೂ ತಾನೇ ರಚಿಸುವಷ್ಟು ಮುಂದೆ ಹೋಗಿದ್ದಾಳೆ. ನಾವು ಹೋದ ಭಾನುವಾರದ ದಾರಿ ಅವಳದೇ.

ಊಟದ ಮೇಜಿನ ಮೇಲೆ ನಕ್ಷೆ

ಹಿಂದಿನ ವಾರವೆಲ್ಲ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ ಎನ್ನಿ! ಬಯಲಿನ ಅಳತೆಯ ಗ್ರಾಫ್ ಹಾಳೆ ಹರಡಿ, ಅದರ ಮೇಲೆ ಕಡಲೆಬೇಳೆ ಇಟ್ಟು ಇಟ್ಟು ತೆಗೆಯುವಳು. ಒಂದೊಂದು ಬೇಳೆಯೂ ಒಂದೊಂದು ಕೋನು. ನನಗೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವುದು ನೆನಪಾಯಿತು. ಒಂದು ಚುಕ್ಕಿ ಆಚೀಚೆಯಾದರೆ ಬಳ್ಳಿ ಹೊಂದುವುದಿಲ್ಲ, ಅಲ್ಲವೇ? ಅದೇ ಲೆಕ್ಕ.

ಇದಕ್ಕೂ ನಿಯಮಗಳಿವೆ. ಎರಡು ಕೋನುಗಳ ನಡುವಿನ ಬಾಗಿಲು ಕನಿಷ್ಠ 15 ಅಡಿ ಅಗಲವಿರಬೇಕು. ಸಾಲಾಗಿಟ್ಟ ಕೋನುಗಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಹರಿದು ಹೋಗುವ ಭಾಗಕ್ಕೆ ಸ್ಲಾಲಮ್ ಎನ್ನುತ್ತಾರೆ. ಅಲ್ಲಿ ಕೋನಿನಿಂದ ಕೋನಿಗೆ 45 ಅಡಿಗಿಂತ ಕಡಿಮೆ ಇರಕೂಡದು. ದೀಪದ ಕಂಬ, ಬೇಲಿ ಮುಂತಾದ ಗಟ್ಟಿ ವಸ್ತುವಿನಿಂದ ದಾರಿ 25 ಅಡಿಯಾದರೂ ದೂರ. ನೆಟ್ಟನೆಯ ದಾರಿ ಬಹಳ ಉದ್ದವಾಗಕೂಡದು; ವೇಗ ಗಂಟೆಗೆ 60 ಮೈಲಿ, ಅಂದರೆ ನೂರು ಕಿಲೋಮೀಟರಿನ ಹತ್ತಿರಕ್ಕೆ ಬರುವಷ್ಟರಲ್ಲಿ ತಿರುವು ಬರಬೇಕು. ತೀರ ವೇಗದ ಭಾಗ ಜನ ನಿಲ್ಲುವ ಕಡೆಗೆ ಇರಬಾರದು. ಓಟ ಮುಗಿದ ಮೇಲೆ ನಿಧಾನಿಸಿ ನಿಲ್ಲಿಸುವುದಕ್ಕೆ ಸಾಕಷ್ಟು ಜಾಗ ಬಿಡಬೇಕು.

ನಿಯಮ ಪಾಲಿಸಿದ ಮಾತ್ರಕ್ಕೆ ದಾರಿ ಚೆನ್ನಾಗುವುದಿಲ್ಲ. ಎಲ್ಲ ಕೋನುಗಳೂ ಒಂದೇ ಬಣ್ಣ, ಒಂದೇ ಎತ್ತರ. ಕಾರಿನೊಳಗೆ ಕೂತವರಿಗೆ ಇಡೀ ಬಯಲು ಚೆಂಡು ಹೂವಿನ ತೋಟದಂತೆ ಕಾಣಿಸಿ ಯಾವ ಕಡೆಗೆ ಹೋಗಬೇಕೆಂಬುದೇ ತಿಳಿಯದು. ಅದಕ್ಕೇ ನಿಂತ ಕೋನಿನ ಪಕ್ಕದಲ್ಲಿ ಒಂದನ್ನು ಅಡ್ಡ ಮಲಗಿಸುತ್ತಾರೆ. ಅದರ ಮೂತಿ ಯಾವ ಕೋನಿನ ಕಡೆಗೋ ಅದರ ಆಚೆ ಬದಿಯಿಂದ ಹೋಗಬೇಕೆಂದು ಅರ್ಥ. ಮೈದಾ ಹಿಟ್ಟಿನಲ್ಲೋ ಸುಣ್ಣದ ಪುಡಿಯಲ್ಲೋ ದಾರಿಯ ಅಂಚಿಗೆ ಗೆರೆ ಎಳೆಯುವುದೂ ಉಂಟು. ಮೊದಲ ತಿರುವು ಸುಲಭವಾಗಿರಬೇಕು, ಕಷ್ಟ ನಿಧಾನವಾಗಿ ಬರಬೇಕು, ಒಂದರಿಂದ ಇನ್ನೊಂದಕ್ಕೆ ತಾನಾಗಿ ಹರಿಯಬೇಕು. "ಹೊಸಬರಿಗೆ ಹೆದರಿಕೆಯಾಗಬಾರದು, ಹಳಬರಿಗೆ ಬೇಜಾರಾಗಬಾರದು. ಎರಡೂ ಒಂದೇ ದಾರಿಯಲ್ಲಿ ಆಗಬೇಕಲ್ಲ ಅತ್ತೆ, ಅದೇ ಕಷ್ಟ" ಎಂದಳು ಸೊಸೆ. ಮಕ್ಕಳಿಗೂ ಮುದುಕರಿಗೂ ಒಂದೇ ಸಾರು ಮಾಡುವ ನಮಗೆ ಈ ಕಷ್ಟ ಗೊತ್ತಿಲ್ಲದ್ದೇನಲ್ಲ!

ಆರು ಕೋನು ಸರಿದವು

ಭಾನುವಾರ ಬೆಳಕು ಹರಿಯುವ ಮುನ್ನವೇ ಬಯಲು ಸೇರಿದೆವು. ಸೊಸೆ ಅಳತೆ ಟೇಪು ಹಿಡಿದು ಕೋನು ಇಡಿಸಿದಳು. ಎಲ್ಲ ಮುಗಿದ ಮೇಲೆ ಸುರಕ್ಷತೆಯ ಜವಾಬ್ದಾರಿ ಹೊತ್ತ ಒಬ್ಬ ವೃದ್ಧರು ಬಂದು ದಾರಿಯ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಹೋದರು. ಅವರು ಒಪ್ಪದೆ ಒಂದು ಕಾರೂ ಹೊರಡುವಂತಿಲ್ಲ. ನಟ್ಟನಡುವಿನ ಒಂದು ತಿರುವಿನಲ್ಲಿ ನಿಂತೇಬಿಟ್ಟರು. ಸೊಸೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡಿದ್ದ ತಿರುವು ಅದು. ದೀಪದ ಕಂಬ ಅಲ್ಲಿಂದ 40 ಅಡಿ ದೂರವಿದೆ, ನಿಯಮಕ್ಕೆ ಸರಿಯಾಗಿದೆ ಎಂದು ಇವಳು ವಾದಿಸಿದಳು. ಅವರು ಹೇಳಿದ್ದು ಇಷ್ಟೇ: "ಅಳತೆ ಸರಿಯಾಗಿದೆ ಮಗೂ. ಆದರೆ ಬ್ರೇಕು ತಡವಾದವನ ಕಾರು ಯಾವ ಕಡೆ ಹೋಗುತ್ತೆ, ಅದನ್ನು ನೋಡು." ಕಾರು ಹೋಗುವುದು ಕಂಬದ ಕಡೆಗೇ. ಒಂದು ಗಳಿಗೆ ಸೊಸೆಯ ಮುಖ ಸಣ್ಣದಾಯಿತು. ಆಮೇಲೆ ತಾನೇ ಹೋಗಿ ಆರು ಕೋನುಗಳನ್ನು ಎತ್ತಿ ತಿರುವನ್ನು ಎಡಗಡೆಗೆ ಹೊರಳಿಸಿದಳು. ಒಂದು ವಾರದ ಲೆಕ್ಕಾಚಾರ ಹತ್ತು ನಿಮಿಷದಲ್ಲಿ ಬದಲಾಯಿತು.

ಮಧ್ಯಾಹ್ನ ಒಂದು ಹನಿ ಮಳೆ ಬಂದು ನಿಂತಿತು. ಕಾಲೇಜಿನ ಹುಡುಗನೊಬ್ಬ ರಭಸದಿಂದ ಬಂದವನು ಅದೇ ತಿರುವಿನಲ್ಲಿ ಬ್ರೇಕು ತಡಮಾಡಿದ. ಕಾರು ಗಿರ್ರನೆ ತಿರುಗಿತು. ನನ್ನ ಎದೆ ಝಲ್ಲೆಂದಿತು. ಎರಡು ಸುತ್ತು ತಿರುಗಿ, ನಾಲ್ಕು ಕೋನು ಉರುಳಿಸಿ, ಖಾಲಿ ಕಾಂಕ್ರೀಟಿನ ನಡುವೆ ನಿಂತಿತು. ಕೆಂಪು ಬಾವುಟ ಮೇಲೆದ್ದಿತು. ಹುಡುಗ ಕಿಟಕಿಯಿಂದ ಕೈ ಆಡಿಸಿ ನಕ್ಕ. ಕಂಬ ಈಗ ಅವನ ಬೆನ್ನ ಹಿಂದೆ ಎಲ್ಲೋ ದೂರದಲ್ಲಿತ್ತು. ಸೊಸೆ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. ಸಂಜೆ ಕೋನು ಜೋಡಿಸಿಡುವಾಗ ಆ ವೃದ್ಧರ ಬಳಿ ಹೋಗಿ ಏನೋ ಹೇಳಿದಳು. ಅವರು ಅವಳ ಭುಜ ತಟ್ಟಿದರು.

ಒಂದು ನಿಮಿಷದ ಸವಾರಿ

ಓಡಿಸುವ ಮುನ್ನ ಪ್ರತಿ ಕಾರಿನ ತಪಾಸಣೆ ನಡೆಯುತ್ತದೆ. ಬ್ರೇಕು, ಬ್ಯಾಟರಿ, ಚಕ್ರದ ನಟ್ಟು, ಸೀಟ್ ಬೆಲ್ಟು ಎಲ್ಲ ನೋಡುತ್ತಾರೆ. ಕಾರಿನೊಳಗೆ ಅಲುಗಾಡುವ ಒಂದು ವಸ್ತುವೂ ಇರಕೂಡದು. ನೀರಿನ ಸೀಸೆ, ಕೊಡೆ, ಕಾಲಡಿಯ ಚಾಪೆ ಎಲ್ಲ ಹೊರಗೆ. ಸ್ಟೀರಿಂಗಿನ ಮುಂದೆ ಕೂತಿದ್ದ ನಮ್ಮ ಪುಟ್ಟ ಗಣಪತಿಯೂ ಇಳಿದು ನನ್ನ ಕೈಚೀಲ ಸೇರಬೇಕಾಯಿತು! ಎಲ್ಲರೂ ದಾರಿಯನ್ನು ಎರಡು ಮೂರು ಸಲ ನಡೆದು ಬಾಯಿಪಾಠ ಮಾಡುತ್ತಾರೆ. ಕೈಗಳನ್ನು ಸ್ಟೀರಿಂಗ್ ಹಿಡಿದಂತೆ ಗಾಳಿಯಲ್ಲಿ ತಿರುಗಿಸುತ್ತ ನಡೆಯುವ ಎಪ್ಪತ್ತು ಎಂಬತ್ತು ಜನರನ್ನು ನೋಡಿದರೆ ಯಾರಿಗೂ ನಗು ಬಂದೀತು.

ಅಲ್ಲಿ ಆಳುಕಾಳಿಲ್ಲ. ಅರ್ಧ ಜನ ಓಡಿಸುವಾಗ ಇನ್ನರ್ಧ ಜನ ಬಿಸಿಲಿನಲ್ಲಿ ನಿಂತು ಬಿದ್ದ ಕೋನುಗಳನ್ನು ಓಡಿ ಹೋಗಿ ಎತ್ತಿ ಚೌಕದಲ್ಲಿ ಇಡಬೇಕು. ಡಾಕ್ಟರಾದರೂ ಅಷ್ಟೇ, ವಿದ್ಯಾರ್ಥಿಯಾದರೂ ಅಷ್ಟೇ. ಈ ಪದ್ಧತಿ ನಮ್ಮ ಮನೆಯವರಿಗೆ ಬಹಳ ಹಿಡಿಸಿತು.

ಕೊನೆಯಲ್ಲಿ ಸೊಸೆ, "ಬನ್ನಿ ಅತ್ತೆ, ಒಂದು ಸುತ್ತು" ಎಂದಳು. ನನ್ನ ತುರುಬಿಗೂ ಹೆಲ್ಮೆಟ್ಟಿಗೂ ಹೊಂದಾಣಿಕೆಯಾಗದೆ ಕೊನೆಗೆ ತುರುಬು ಬಿಚ್ಚಿ ಜಡೆ ಹಾಕಿದ್ದಾಯಿತು. ಹೊರಟದ್ದೇ ತಡ, ಬೆನ್ನು ಸೀಟಿಗೆ ಅಂಟಿತು. ಸ್ಲಾಲಮ್ಮಿನಲ್ಲಿ ದೇಹ ಎಡಕ್ಕೆ, ಬಲಕ್ಕೆ, ಎಡಕ್ಕೆ. ತೊಟ್ಟಿಲಲ್ಲಿ ಹಾಕಿ ಯಾರೋ ಜೋರಾಗಿ ತೂಗಿದ ಹಾಗೆ. ಟೈರುಗಳು ಕಿರ್ರೆಂದವು. ನಾನು ಹತ್ತಿರದ ಕೋನು ನೋಡುತ್ತಿದ್ದೆ, ಆಗಲೇ ಅದು ಹಿಂದೆ ಹೋಗಿರುತ್ತಿತ್ತು. ಸೊಸೆಯ ಕಣ್ಣು ಮಾತ್ರ ಎರಡು ಮೂರು ಕೋನು ಮುಂದೆಯೇ ಇತ್ತು. ಈ ಆಟದ ಮೊದಲ ಪಾಠವೇ ಅದಂತೆ: ಕಣ್ಣು ಎಲ್ಲಿಗೆ ಹೋಗುತ್ತದೋ ಕೈ ಕಾರನ್ನು ಅಲ್ಲಿಗೆ ಕರೆದೊಯ್ಯುತ್ತದೆ. ತಿರುವಿಗೆ ಮುಂಚೆಯೇ ನಿಧಾನಿಸು, ತಿರುಗಿದ ಮೇಲೆ ವೇಗ ಕೊಡು ಎಂಬುದು ಎರಡನೆಯದು. 52 ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಒಂದು ಕೋನು ಬಿದ್ದಿತ್ತು. ಹಾಗಾಗಿ ಲೆಕ್ಕಕ್ಕೆ 54.

ಹೆಂಗಸರ ಪಾಲು

ಆ ದಿನ ಹೆಂಗಸರೇ ಹದಿನೈದು ಮಂದಿ ಇದ್ದರು. ಇಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ವರ್ಗವಿದೆ. ಬೇಡವೆಂದರೆ ಎಲ್ಲರ ಜೊತೆಗೂ ಸ್ಪರ್ಧಿಸಬಹುದು. ಒಂದೇ ಕಾರನ್ನು ಇಬ್ಬರು ಸರದಿಯಂತೆ ಓಡಿಸಲು ಅವಕಾಶವಿರುವುದರಿಂದ ಗಂಡ ಹೆಂಡತಿ ಜೋಡಿಗಳು ಬಹಳ. ಶಾಲೆಯ ಉಪಾಧ್ಯಾಯಿನಿಯೊಬ್ಬರು ಅದೇ ಕಾರಿನಲ್ಲಿ ಗಂಡನಿಗಿಂತ ಅರ್ಧ ಸೆಕೆಂಡು ಮುಂದಾದರು. "ಇವತ್ತು ಪಾತ್ರೆ ತೊಳೆಯುವುದು ಅವರ ಪಾಳಿ" ಎಂದು ನಗುತ್ತ ಹೇಳಿದರು. ಗಂಡ ಪಾಪ, ಟೈರಿನ ಮೇಲೆ ತಪ್ಪು ಹೊರಿಸುತ್ತಿದ್ದರು.

ನಮ್ಮಲ್ಲೂ ಈ ಆಟ ಹೊಸದಲ್ಲ. ಕೊಡಗು, ಚಿಕ್ಕಮಗಳೂರಿನ ಕಡೆ ಆಟೋಕ್ರಾಸ್ ನಡೆಯುತ್ತದೆ, ಆದರೆ ಕಾಂಕ್ರೀಟಿನ ಮೇಲಲ್ಲ, ಮಣ್ಣಿನ ಮೇಲೆ. ಧೂಳೆಬ್ಬಿಸಿ ಓಡಿಸುವವರಲ್ಲಿ ಹೆಂಗಸರೂ ಇದ್ದಾರೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮೋಟಾರ್ ಬೈಕಿನಲ್ಲಿ ಮರಳುಗಾಡು, ಕಲ್ಲುದಾರಿಗಳಲ್ಲಿ ಓಡಿ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದು ಬಂದದ್ದು ನಿಮಗೆ ತಿಳಿದಿರಬಹುದು.

ಹೋಗುವವರಿಗೆ

ಆ ಕಡೆ ಮಕ್ಕಳಿರುವ ತಾಯಂದಿರು ಸೆಪ್ಟೆಂಬರಿನ ಮೊದಲಲ್ಲಿ ಅಲ್ಲಿದ್ದರೆ ರಾಷ್ಟ್ರೀಯ ಸ್ಪರ್ಧೆ ಎಲ್ಲಿ ಎಂದು ವಿಚಾರಿಸಿ ಹೋಗಿ ನೋಡಿ. ಬಯಲಿನಲ್ಲಿ ನೆರಳೆಂಬುದಿಲ್ಲ; ಟೋಪಿ, ಮಡಿಚುವ ಕುರ್ಚಿ, ನೀರು ಇರಲಿ. ಸೀರೆಗಿಂತ ಚೂಡಿದಾರ್ ಮೇಲು, ಕಾಲಿಗೆ ಮುಚ್ಚಿದ ಶೂ ಬೇಕು. ಊಟಕ್ಕೆ ನಾನು ಪುಳಿಯೋಗರೆ, ಮೊಸರನ್ನ, ನಿಂಬೆ ಉಪ್ಪಿನಕಾಯಿ ಒಯ್ದಿದ್ದೆ. ಪುಳಿಯೋಗರೆ ಮಧ್ಯಾಹ್ನದ ತನಕ ಕೆಡುವುದಿಲ್ಲ, ಕೈಗೆ ಅಂಟುವುದೂ ಇಲ್ಲ. ಪಕ್ಕದ ಗುಂಪಿನವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಹೋಗಲಾಗದವರು ಬೇಸರಪಡಬೇಕಾಗಿಲ್ಲ. ಆ ಬಯಲಿನಿಂದ ನಾವು ತೆಗೆದುಕೊಳ್ಳಬಹುದಾದ ಒಂದು ಮಾತಿದೆ. ನಮ್ಮೂರುಗಳಲ್ಲಿ ನಲವತ್ತು ದಾಟಿದ ಹೆಂಗಸು ಸ್ಕೂಟರೋ ಕಾರೋ ಕಲಿಯಹೊರಟರೆ ಮೊದಲ ದಿನವೇ ಸಂತೆ ಬೀದಿಗೆ ಇಳಿಸುತ್ತಾರೆ. ಹಿಂದೆ ಲಾರಿ, ಮುಂದೆ ಹಸು, ಪಕ್ಕದಲ್ಲಿ ಗದರುವ ಗಂಡ! ಅಲ್ಲಿ ಕೈ ತಪ್ಪಿದರೆ ತೆರಬೇಕಾದ ಬೆಲೆ ದೊಡ್ಡದು. ಅದಕ್ಕೆ ಹೆದರಿ ಕೀಲಿಕೈಯನ್ನು ಮತ್ತೆ ಗೋಡೆಯ ಮೊಳೆಗೆ ತೂಗುಹಾಕಿದವರು ನಮ್ಮ ಬೀದಿಯಲ್ಲೇ ಮೂವರಿದ್ದಾರೆ. ತಪ್ಪಿದರೆ ಎರಡು ಸೆಕೆಂಡು ದಂಡ, ಇನ್ನೊಮ್ಮೆ ಪ್ರಯತ್ನಿಸು ಎನ್ನುವ ಜಾಗ ಅವರಿಗೆ ಸಿಕ್ಕಿದ್ದರೆ ಕಲಿಯುತ್ತಿದ್ದರು.

ಅಂಥ ಜಾಗಕ್ಕೆ ವಿಮಾನ ನೆಲೆಯೇನೂ ಬೇಡ. ಭಾನುವಾರ ಬೆಳಿಗ್ಗೆ ಶಾಲೆ ಅಥವಾ ಕಾಲೇಜಿನ ಮೈದಾನ, ಅಲ್ಲಿಯವರ ಅನುಮತಿ, ಕೈಯಲ್ಲಿ ಎಲ್ಲೆಲ್, ಪಕ್ಕದಲ್ಲಿ ಸಮಾಧಾನದಿಂದ ಕಲಿಸುವವರು ಒಬ್ಬರು. ಹತ್ತು ಖಾಲಿ ಪ್ಲಾಸ್ಟಿಕ್ ಸೀಸೆಗಳಲ್ಲಿ ಸ್ವಲ್ಪ ಮಣ್ಣು ತುಂಬಿ, ದೊಡ್ಡ ಹೆಜ್ಜೆಯಲ್ಲಿ ಹದಿನೈದು ಹದಿನಾರು ಹೆಜ್ಜೆಗೊಂದರಂತೆ ಸಾಲಾಗಿ ಇಡಿ. ಕಲ್ಲು, ಇಟ್ಟಿಗೆ ಇಡಬೇಡಿ. ಮರ, ಗೋಡೆ, ಗೋಲ್ ಪೋಸ್ಟು ದೂರವಿರಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಇದು ಓಟದ ಪಂದ್ಯವಲ್ಲ. ನಡಿಗೆಯಷ್ಟೇ ನಿಧಾನವಾಗಿ ಸೀಸೆಗಳ ನಡುವೆ ಎಡಕ್ಕೆ ಬಲಕ್ಕೆ ಹೋಗಿ ಬನ್ನಿ. ಆಮೇಲೆ ಒಂದು ಗೆರೆ ಎಳೆದು ಸರಿಯಾಗಿ ಅದರ ಮೇಲೆ ನಿಲ್ಲಿಸಿ. ಕಣ್ಣು ಹತ್ತಿರದ ಸೀಸೆಯ ಮೇಲೆ ಬೇಡ, ಅದರ ಮುಂದಿನದರ ಮೇಲಿರಲಿ. ನಾಲ್ಕು ಭಾನುವಾರ ಹೀಗೆ ಮಾಡಿ, ಸೀಸೆಗಳು ಬೀಳುವುದು ನಿಂತ ಮೇಲೆ ಬೀದಿಗೆ ಇಳಿಯಿರಿ. ಅಷ್ಟರಲ್ಲಿ ಪಕ್ಕದವರು ಗದರುವುದನ್ನೂ ಬಿಟ್ಟಿರುತ್ತಾರೆ.